ಅಂತರ್ಜಾಲದ ವಂಶವೃಕ್ಷಕ್ಕೆ ಆಧಾರವೇನು?

ತಮ್ಮ ಪೂರ್ವಿಕರು ಯಾರು, ಎಲ್ಲಿಂದ ಬಂದರು, ಯಾವ ಇಗರ್ಜಿಯಲ್ಲಿ ದೀಕ್ಷಾಸ್ನಾನ ಪಡೆದು ಯಾವ ಮಣ್ಣಿನಲ್ಲಿ ವಿಶ್ರಮಿಸಿದ್ದಾರೆ ಎಂಬುದನ್ನು ಅರಿಯುವ ಹಂಬಲ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಇತ್ತೀಚೆಗೆ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಕೆನಡಾದಲ್ಲೋ ನೆಲೆಸಿದ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಧರ್ಮಕೇಂದ್ರದ ಕಚೇರಿಗೆ ಬಂದು ಹಳೆಯ ಪುಸ್ತಕಗಳ ಬಗ್ಗೆ ವಿಚಾರಿಸುವುದು ಈಗ ಅಪರೂಪವಲ್ಲ. ಅಂಥವರಲ್ಲಿ ಹಲವರ ಕೈಯಲ್ಲಿ ಒಂದು ವಂಶವೃಕ್ಷ ಆಗಲೇ ಸಿದ್ಧವಾಗಿರುತ್ತದೆ. ಎಂಟು ಹತ್ತು ತಲೆಮಾರುಗಳ ಹೆಸರುಗಳು, ಹುಟ್ಟಿದ ಇಸವಿ, ಮದುವೆಯ ಇಸವಿ, ಗೋವೆಯ ಒಂದು ಹಳ್ಳಿಯ ಹೆಸರು, ಎಲ್ಲವೂ ಅಚ್ಚುಕಟ್ಟಾಗಿ ಮುದ್ರಿತವಾಗಿರುತ್ತವೆ. ಇದಕ್ಕೆ ಆಧಾರವೇನು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಇಂಟರ್ನೆಟ್‌ನಲ್ಲಿ ಸಿಕ್ಕಿತು, ಫಾದರ್.”

ಈ ಉತ್ತರ ಸಾಕೇ? ಸಾಲದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಂತರ್ಜಾಲವನ್ನು ನಾವು ದೂರುತ್ತಿಲ್ಲ. ಸಮುದ್ರದಾಚೆಯ ಪತ್ರಾಗಾರದ ಪುಟವನ್ನು ಮನೆಯಲ್ಲೇ ಕುಳಿತು ನೋಡುವ ಭಾಗ್ಯವನ್ನು ಅದು ಸಾಮಾನ್ಯ ಜನರಿಗೂ ಒದಗಿಸಿದೆ. ಆದರೆ ಅಂತರ್ಜಾಲವೆಂಬುದು ಆಧಾರವಲ್ಲ, ಆಧಾರಗಳು ಇರಬಹುದಾದ ಸ್ಥಳ ಮಾತ್ರ. ಸಂತೆಯಲ್ಲಿ ಕೇಳಿದೆ ಎಂದರೆ ಯಾರು ಹೇಳಿದರೆಂದು ತಿಳಿಯುವುದಿಲ್ಲವಷ್ಟೆ. ಇದೂ ಹಾಗೆಯೇ. ಯಾವ ತಾಣದಲ್ಲಿ, ಯಾರು ಸೇರಿಸಿದ್ದನ್ನು, ಎಂದು ಕಂಡಿರಿ, ಅವರು ಯಾವ ಮೂಲದಿಂದ ತೆಗೆದುಕೊಂಡರು ಎಂಬುದನ್ನು ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಬರೆದಿಡದಿದ್ದರೆ ಆ ವಂಶವೃಕ್ಷ ಇತಿಹಾಸವಾಗುವುದಿಲ್ಲ, ವದಂತಿಯಾಗಿಯೇ ಉಳಿಯುತ್ತದೆ.

ಸಂತ ಪೌಲರು ತಿಮೊಥೇಯನಿಗೂ ತೀತನಿಗೂ ಬರೆದ ಪತ್ರಗಳಲ್ಲಿ ಕೊನೆಮೊದಲಿಲ್ಲದ ವಂಶಾವಳಿಗಳ ಗೊಡವೆ ಬೇಡವೆಂದು ಎಚ್ಚರಿಸಿದ್ದಾರೆ. ಹಾಗಾದರೆ ಕ್ರೈಸ್ತರಿಗೆ ಈ ಉದ್ಯೋಗವೇಕೆ ಎಂದು ಕೆಲವರು ಕೇಳಬಹುದು. ಅಪೋಸ್ತಲರು ಖಂಡಿಸಿದ್ದು ಹಿರಿಯರ ಸ್ಮರಣೆಯನ್ನಲ್ಲ, ವ್ಯರ್ಥ ವಾಗ್ವಾದವನ್ನು. ಪವಿತ್ರ ಗ್ರಂಥದಲ್ಲಿ ವಂಶಾವಳಿಗಳಿಗೆ ಗೌರವದ ಸ್ಥಾನವಿದೆ. ಮತ್ತಾಯ ಮತ್ತು ಲೂಕರ ಶುಭಸಂದೇಶಗಳು ಪ್ರಭು ಯೇಸುವಿನ ವಂಶಾವಳಿಯನ್ನು ನೀಡುತ್ತವೆ. ಎರಡೂ ಒಂದೇ ತೆರನಾಗಿಲ್ಲ. ಸಂತ ಜೋಸೆಫರ ತಂದೆಯ ಹೆಸರು ಮತ್ತಾಯನಲ್ಲಿ ಯಾಕೋಬ, ಲೂಕನಲ್ಲಿ ಹೇಲಿ. ಧರ್ಮಸಭೆ ಇವೆರಡರಲ್ಲಿ ಒಂದನ್ನು ಅಳಿಸಲಿಲ್ಲ, ಎರಡನ್ನೂ ಕಲಸಿ ಮೂರನೆಯದೊಂದನ್ನು ಕಟ್ಟಲೂ ಇಲ್ಲ. ಎರಡನ್ನೂ ಇದ್ದಂತೆಯೇ ಉಳಿಸಿಕೊಂಡಿತು. ಮೂರನೆಯ ಶತಮಾನದಲ್ಲಿ ಜೂಲಿಯಸ್ ಆಫ್ರಿಕಾನಸ್ ಎಂಬ ವಿದ್ವಾಂಸನು ಈ ಭೇದಕ್ಕೊಂದು ವಿವರಣೆ ನೀಡಿದನು. ಇತಿಹಾಸಕಾರ ಯೂಸೇಬಿಯಸ್ ಅದನ್ನು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ. ಆ ವಿವರಣೆ ಪ್ರಭುವಿನ ಬಂಧುಗಳಿಂದ ಬಂದದ್ದೆಂದು ಆಫ್ರಿಕಾನಸ್ ತಿಳಿಸಿದನು. ಅದಕ್ಕೆ ಬೇರೆ ಸಾಕ್ಷ್ಯದ ಬೆಂಬಲವಿಲ್ಲವೆಂಬುದನ್ನೂ ಮರೆಮಾಚಲಿಲ್ಲ. ಸಂತ ಲೂಕನಂತೂ ತನ್ನ ಶುಭಸಂದೇಶದ ಆರಂಭದಲ್ಲೇ, ಕಣ್ಣಾರೆ ಕಂಡವರು ಒಪ್ಪಿಸಿದ್ದನ್ನು ಆಧರಿಸಿ, ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸಿ ಬರೆಯುತ್ತಿರುವುದಾಗಿ ಥೆಯೊಫಿಲನಿಗೆ ತಿಳಿಸುತ್ತಾನೆ. ಆಧಾರವನ್ನು ತಿಳಿಸಿ ಬರೆಯುವುದು ನಮಗೆ ಹೊಸದಾಗಿ ಬಂದ ಪಾಶ್ಚಾತ್ಯ ಪದ್ಧತಿಯೇನಲ್ಲ.

ನಮ್ಮ ಕುಟುಂಬಗಳ ಇತಿಹಾಸಕ್ಕೆ ಮುಖ್ಯ ಆಕರ ಧರ್ಮಕೇಂದ್ರದ ನೋಂದಣಿ ಪುಸ್ತಕಗಳೇ. 1563ರಲ್ಲಿ ಟ್ರೆಂಟ್ ಮಹಾಸಭೆಯು, ಪ್ರತಿಯೊಬ್ಬ ಧರ್ಮಕೇಂದ್ರದ ಗುರುವು ವಧೂವರರ ಮತ್ತು ಸಾಕ್ಷಿಗಳ ಹೆಸರು, ವಿವಾಹದ ದಿನ ಹಾಗೂ ಸ್ಥಳವನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ದೀಕ್ಷಾಸ್ನಾನದಲ್ಲಿ ಜ್ಞಾನ ತಂದೆತಾಯಿಯರ ಹೆಸರನ್ನು ದಾಖಲಿಸಬೇಕೆಂದೂ ಆಜ್ಞಾಪಿಸಿತು. 1614ರ ರೋಮನ್ ಸಂಸ್ಕಾರವಿಧಿ ಗ್ರಂಥವು ಮರಣದ ಪುಸ್ತಕವನ್ನೂ ಸೇರಿಸಿ ಇವುಗಳಿಗೆ ನಿಶ್ಚಿತ ರೂಪ ನೀಡಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯು ದೀಕ್ಷಾಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳನ್ನು ಕಡ್ಡಾಯಗೊಳಿಸಿದೆ. 877ನೆಯ ವಿಧಿಯಂತೆ ದೀಕ್ಷಾಸ್ನಾನದ ನಮೂದಿನಲ್ಲಿ ಪಡೆದವರ ಹೆಸರು, ಸಂಸ್ಕಾರ ನೀಡಿದ ಗುರು, ತಂದೆತಾಯಿ, ಜ್ಞಾನ ತಂದೆತಾಯಿ, ಸ್ಥಳ, ದಿನ ಎಲ್ಲವೂ ಇರಬೇಕು. ಎಂದರೆ ಏನು ನಡೆಯಿತು ಎಂಬುದರ ಜೊತೆಗೆ, ಯಾರ ಮುಂದೆ ನಡೆಯಿತು, ಯಾರು ಬರೆದರು ಎಂಬುದೂ ಅಲ್ಲಿ ಸಿಗುತ್ತದೆ. ಮದುವೆಯ ವಿಚಾರಣೆಯಲ್ಲಿ ನಾವು ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕೇಳುವುದೇಕೆ? ನಾಲ್ಕನೆಯ ಹಂತದವರೆಗಿನ, ಅಂದರೆ ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಮಕ್ಕಳವರೆಗಿನ ರಕ್ತಸಂಬಂಧವು ವಿವಾಹಕ್ಕೆ ಅಡ್ಡಿಯಾಗುತ್ತದೆ; ಬಾಯಿಮಾತಿನಿಂದ ಅದನ್ನು ತೀರ್ಮಾನಿಸಲಾಗದು.

ಆದರೆ ಕೆನರಾದ ಕಥೋಲಿಕರ ಇತಿಹಾಸದಲ್ಲಿ ದೊಡ್ಡದೊಂದು ಕಂದಕವಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಹಿರಿಯರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಹಿಂದಿರುಗಿದರು. ಇಪ್ಪತ್ತೇಳು ದೇವಾಲಯಗಳು ನೆಲಸಮವಾದವೆಂದೂ, ಚೌಟ ಅರಸರ ಸ್ನೇಹದಿಂದ ಮೂಡಬಿದಿರೆಯ ಹೊಸಬೆಟ್ಟು ಇಗರ್ಜಿ ಉಳಿಯಿತೆಂದೂ ನಮ್ಮ ಚರಿತ್ರೆ ಹೇಳುತ್ತದೆ. ದೇವಾಲಯ ಹೋದಲ್ಲಿ ಅದರ ಪುಸ್ತಕಗಳು ಉಳಿಯುವುದು ಕಷ್ಟ. ಆದ್ದರಿಂದಲೇ ಕರಾವಳಿಯ ಒಂದು ಕುಟುಂಬದ ವಂಶಾವಳಿ ಗೋವೆಯಿಂದ ಬಂದ ದಿನದಿಂದ ಇಂದಿನವರೆಗೆ ಎಲ್ಲೂ ಕಡಿಯದೆ ಸಾಗಿದ್ದರೆ, ಮೊದಲು ಕೇಳಬೇಕಾದ ಪ್ರಶ್ನೆ, 1784ರ ಹಿಂದಿನ ಹೆಸರುಗಳು ಎಲ್ಲಿಂದ ಬಂದವು ಎಂಬುದು. ಉತ್ತರವಿರಬಹುದು. ಗೋವೆಯಲ್ಲಿ 1595ರಷ್ಟು ಹಿಂದೆಯೇ ದಿಯೊಗು ದು ಕೌತು ಅವರ ಪಾಲನೆಯಲ್ಲಿ ಪತ್ರಾಗಾರ ಸ್ಥಾಪನೆಯಾಗಿತ್ತು. ಅಲ್ಲಿನ ಪತ್ರಗಳನ್ನು ಯಾರಾದರೂ ಓದಿ ತೆಗೆದಿರಬಹುದು. ಹಾಗಿದ್ದರೆ ಯಾವ ಪತ್ರ, ಯಾವ ಪುಟ ಎಂದು ಬರೆದಿರಬೇಕು. ಬರೆಯದೆ ಕೊಟ್ಟ ಹೆಸರುಗಳು ಆ ಕಂದಕಕ್ಕೆ ತುಂಬಿದ ಸಡಿಲ ಮಣ್ಣಿನಂತೆ. ಅದರ ಮೇಲೆ ಮನೆ ಕಟ್ಟಬಾರದು.

ಈ ಸೆರೆವಾಸದ ಕುರಿತಾದ ಬರಹಗಳೇ ನಮಗೆ ಪಾಠ ಹೇಳುತ್ತವೆ. ಸೆರೆಯಾದವರ ಸಂಖ್ಯೆ ಬೇರೆ ಬೇರೆ ಬರಹಗಳಲ್ಲಿ 30,000ದಿಂದ 80,000ದವರೆಗೆ ಬದಲಾಗುತ್ತದೆ. ಪ್ರತಿಯೊಂದು ಸಂಖ್ಯೆಯ ಹಿಂದೆಯೂ ಒಬ್ಬೊಬ್ಬ ಬರಹಗಾರನಿದ್ದಾನೆ. ಒಬ್ಬನು ತಾನೇ ಸೆರೆಯಲ್ಲಿದ್ದವನು, ಇನ್ನೊಬ್ಬನು ಕಂಪನಿಯ ಅಧಿಕಾರಿ, ಮತ್ತೊಬ್ಬನು ಅನಂತರ ಬಂದ ಪ್ರವಾಸಿ. ಅಂತರ್ಜಾಲದ ಪುಟಗಳಲ್ಲಿ ಬರಹಗಾರನ ಹೆಸರು ಉದುರಿ ಸಂಖ್ಯೆ ಮಾತ್ರ ಉಳಿದಾಗ, ಓದುಗರು ತಮ್ಮ ಮನಸ್ಸಿಗೆ ಒಪ್ಪಿದ್ದನ್ನು ಆರಿಸಿಕೊಳ್ಳುತ್ತಾರೆ. ಇನ್ನೊಂದು ಉದಾಹರಣೆ. ಸೆರೆಹಿಡಿದ ದಿನ 1784ರ ಫೆಬ್ರವರಿ 24, ವಿಭೂತಿ ಬುಧವಾರ ಎಂದು ಅನೇಕ ಕಡೆ ಮುದ್ರಿತವಾಗಿದೆ. ಆದರೆ ಪಂಚಾಂಗದ ಲೆಕ್ಕ ಹಾಕಿ ನೋಡಿ. ಆ ವರ್ಷ ಪಾಸ್ಖ ಹಬ್ಬ ಏಪ್ರಿಲ್ 11ರಂದು ಬಂದಿತ್ತು. ಅಲ್ಲಿಂದ 46 ದಿನ ಹಿಂದೆ ಎಣಿಸಿದರೆ ವಿಭೂತಿ ಬುಧವಾರ ಫೆಬ್ರವರಿ 25ರಂದು ಬೀಳುತ್ತದೆ. 24ನೆಯ ತಾರೀಖು ಮಂಗಳವಾರ. ತಾರೀಖು ತಪ್ಪಿದೆಯೋ ವಾರ ತಪ್ಪಿದೆಯೋ ಎಂಬುದನ್ನು ಮೂಲಪತ್ರವಷ್ಟೇ ತೀರ್ಮಾನಿಸಬಲ್ಲದು. ನಮ್ಮ ಸಮುದಾಯದ ಅತ್ಯಂತ ನೋವಿನ ದಿನದ ವಿಚಾರದಲ್ಲೇ ಹೀಗೆ ಒಬ್ಬರ ಬರಹವನ್ನು ಮತ್ತೊಬ್ಬರು ಪರೀಕ್ಷಿಸದೆ ನಕಲು ಮಾಡಿದ್ದರೆ, ಒಬ್ಬ ಬಡ ಗೇಣಿದಾರನ ಜನ್ಮದಿನದ ಗತಿಯೇನು?

ಅಂತರ್ಜಾಲದಲ್ಲಿ ದೊರೆಯುವ ವಸ್ತುಗಳು ಒಂದೇ ತೂಕದವಲ್ಲ. ಅವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮೂಲಪುಟದ ಛಾಯಾಚಿತ್ರ. ಪುಸ್ತಕವನ್ನೇ ನೋಡಿದಷ್ಟು ಅಲ್ಲದಿದ್ದರೂ ಅದಕ್ಕೆ ಅತ್ಯಂತ ಸಮೀಪದ್ದು. ಎರಡನೆಯದು ಮೂಲವನ್ನು ಓದಿ ಯಾರೋ ಸಿದ್ಧಪಡಿಸಿದ ಸೂಚಿ ಅಥವಾ ಸಾರಾಂಶ. ಇಲ್ಲಿ ಓದಿದವರ ಕಣ್ತಪ್ಪು ಸೇರಿಕೊಳ್ಳುತ್ತದೆ. ಮೂರನೆಯದು ಯಾರೋ ಕಟ್ಟಿದ ವಂಶವೃಕ್ಷ. ಇಲ್ಲಿ ಕಣ್ತಪ್ಪಿನ ಜೊತೆಗೆ ಕಟ್ಟಿದವರ ಊಹೆಯೂ ಸೇರುತ್ತದೆ. ಫ್ಯಾಮಿಲಿಸರ್ಚ್ ಎಂಬ ಪ್ರಸಿದ್ಧ ತಾಣದಲ್ಲಿ ಈ ಮೂರೂ ಇವೆ. ಅಲ್ಲಿನ ವಂಶವೃಕ್ಷವು ಎಲ್ಲರಿಗೂ ಸೇರಿದ ಒಂದೇ ವೃಕ್ಷವಾದ್ದರಿಂದ, ನೀವು ಬರೆದ ಮುತ್ತಜ್ಜನ ಹೆಸರನ್ನು ನಾಳೆ ಅಪರಿಚಿತರೊಬ್ಬರು ತಿದ್ದಬಹುದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ದೀಕ್ಷಾಸ್ನಾನ, ವಿವಾಹ, ಮರಣದ ದಾಖಲೆಗಳ ಛಾಯಾಚಿತ್ರಗಳೂ ಈಗ ಅಂತರ್ಜಾಲದಲ್ಲಿವೆ. ಅವು ಬಹುಪಾಲು ಯುರೋಪಿಯನ್ನರು ಹಾಗೂ ಆಂಗ್ಲೋ-ಇಂಡಿಯನ್ನರಿಗೆ ಸಂಬಂಧಿಸಿದವು. ಅಲ್ಲದೆ ಅವು ಮದರಾಸು, ಮುಂಬಯಿ, ಬಂಗಾಳ ಪ್ರಾಂತಗಳಿಂದ ಲಂಡನ್ನಿಗೆ ಕಳುಹಿಸಿದ ನಕಲುಗಳು. ಛಾಯಾಚಿತ್ರ ಕಂಡ ಮಾತ್ರಕ್ಕೆ ಮೂಲವನ್ನೇ ಕಂಡೆವೆಂದು ತಿಳಿಯಬಾರದು. ಯಾವುದರ ಛಾಯಾಚಿತ್ರ ಎಂಬುದೂ ಮುಖ್ಯ.

ಸೂಚಿಯಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ಹಳೆಯ ಪುಸ್ತಕಗಳನ್ನು ಓದಬಲ್ಲವರು ಅರಿತಿದ್ದಾರೆ. ಲತೀನ್ ಮತ್ತು ಪೋರ್ತುಗೀಸ್ ದಾಖಲೆಗಳಲ್ಲಿ ಸೆಪ್ಟೆಂಬರ್ ತಿಂಗಳನ್ನು ಏಳರ ಅಂಕಿಯ ಜೊತೆ ಕೊನೆಯ ಅಕ್ಷರಗಳನ್ನು ಸೇರಿಸಿ ಚಿಕ್ಕದಾಗಿ ಬರೆಯುವ ರೂಢಿಯಿತ್ತು, ಏಕೆಂದರೆ ಆ ಹೆಸರಿನ ಅರ್ಥವೇ ಏಳನೆಯದು. ಅಕ್ಟೋಬರಿಗೆ ಎಂಟು, ನವೆಂಬರಿಗೆ ಒಂಬತ್ತು, ಡಿಸೆಂಬರಿಗೆ ಹತ್ತು. ಇದನ್ನರಿಯದವರು ಏಳನ್ನು ಕಂಡು ಜುಲೈ ಎಂದು ಬರೆಯುತ್ತಾರೆ. ಅಮೆರಿಕದವರು ತಿಂಗಳನ್ನು ಮೊದಲು, ದಿನವನ್ನು ಅನಂತರ ಬರೆಯುವುದರಿಂದ ಮಾರ್ಚ್ 7 ಎಂಬುದು ನಮ್ಮವರ ಕೈಯಲ್ಲಿ ಜುಲೈ 3 ಆಗುತ್ತದೆ. ಲತೀನಿನ ಯೊವಾನ್ನೆಸ್, ಪೋರ್ತುಗೀಸಿನ ಜುವಾಂವ್, ಇಂಗ್ಲಿಷಿನ ಜಾನ್, ಮನೆಯವರ ಬಾಯಲ್ಲಿ ಇನ್ನೇನೋ, ನಾಲ್ಕೂ ಒಬ್ಬನೇ ಆಗಿರಬಹುದು. ಒಂದೇ ಧರ್ಮಕೇಂದ್ರದಲ್ಲಿ ಒಂದೇ ಕಾಲಕ್ಕೆ ಮೂವರು ಜುವಾಂವ್ ಡಿಸೋಜರು ಇದ್ದಿರಲೂಬಹುದು. ಡಿಸೋಜ, ಪಿಂಟೊ, ಲೋಬೊ, ಪಾಯ್ಸ್ ಎಂಬ ಉಪನಾಮಗಳು ರಕ್ತಸಂಬಂಧದ ಗುರುತಲ್ಲ. ವಾಡೊ, ಮನೆಯ ಹೆಸರು, ಜ್ಞಾನ ತಂದೆತಾಯಿ, ಇವುಗಳಿಂದಲೇ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಬೇಕು. ಅಂತರ್ಜಾಲದ ಸೂಚಿಗಳಲ್ಲಿ ಬಹುವೇಳೆ ಬಿಟ್ಟುಹೋಗುವುದು ಇವೇ ವಿವರಗಳು.

ಹತ್ತು ತಾಣಗಳಲ್ಲಿ ಹೀಗೆಯೇ ಇದೆಯಲ್ಲ ಎಂಬ ಮಾತನ್ನೂ ನಾವು ಕೇಳುತ್ತೇವೆ. ಇದು ತರ್ಕದೋಷ. ಒಬ್ಬನ ಮಾತನ್ನು ಒಂಬತ್ತು ಮಂದಿ ಹಾಗೆಯೇ ಹೇಳಿದರೆ ಸಾಕ್ಷಿಗಳು ಹತ್ತಾಗುವುದಿಲ್ಲ, ಸಾಕ್ಷಿ ಒಬ್ಬನೇ. ನಮ್ಮ ದೇಶದ ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಆದರೆ ಎಲ್ಲರ ಶಬ್ದವೂ ಪ್ರಮಾಣವಲ್ಲ, ಆಪ್ತನ ವಾಕ್ಯ ಮಾತ್ರ ಪ್ರಮಾಣ. ವಿಷಯವನ್ನು ತಾನೇ ಅರಿತವನು, ಅರಿತದ್ದನ್ನು ಅರಿತಂತೆ ತಿಳಿಸುವವನು ಆಪ್ತ. ಹೇಳಿದವನು ಯಾರೆಂದೇ ತಿಳಿಯದಿದ್ದರೆ ಅವನು ಆಪ್ತನೋ ಅಲ್ಲವೋ ಎಂಬ ವಿಚಾರವೇ ಹುಟ್ಟುವುದಿಲ್ಲ. ಮಾನವ ವಿವೇಕವನ್ನಷ್ಟೇ ಅವಲಂಬಿಸಿದ ಪ್ರಮಾಣವಚನವು ವಾದಗಳಲ್ಲೆಲ್ಲ ದುರ್ಬಲವಾದುದೆಂದು ಸಂತ ತೋಮಸ್ ಅಕ್ವಿನಾಸರು ಹೇಳಿದ್ದಾರೆ. ಆದರೂ ಅವರ ಗ್ರಂಥದಲ್ಲಿ ಯಾರ ಮಾತು ಯಾರದೆಂದು ಹೆಸರಿಸದ ಪುಟಗಳು ವಿರಳ. ದುರ್ಬಲವಾದುದನ್ನೂ ಅದರ ಒಡೆಯನ ಹೆಸರಿನೊಂದಿಗೆ ಕೊಟ್ಟಾಗ ಓದುಗನು ಅದನ್ನು ತೂಗಿ ನೋಡಬಲ್ಲನು.

ಅಮೆರಿಕದಲ್ಲಿ ಗುಸ್ತಾವ್ ಅಂಜೂ ಎಂಬವನೊಬ್ಬನಿದ್ದನು. 1863ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಆತ ಹಣವಂತರಿಗೆ ಅವರು ಬಯಸಿದಂಥ ವಂಶಾವಳಿಗಳನ್ನು ರಚಿಸಿ ಮಾರುತ್ತಿದ್ದನು. ನಿಜವಾದ ದಾಖಲೆಗಳ ನಡುವೆ ಕಲ್ಪಿತ ದಾಖಲೆಗಳನ್ನು ಸೇರಿಸುವುದು ಅವನ ಕುಶಲತೆ. ವಂಚನೆ ಬಯಲಾಗಿ ದಶಕಗಳೇ ಕಳೆದರೂ ಅವನು ಸೃಷ್ಟಿಸಿದ ಪೂರ್ವಿಕರು ಇಂದಿಗೂ ಜನರ ವಂಶವೃಕ್ಷಗಳಲ್ಲಿ ಜೀವಿಸುತ್ತಿದ್ದಾರೆ. ಏಕೆಂದರೆ ನಕಲು ಮಾಡಿದವರು ಮೂಲದ ಹೆಸರನ್ನು ಬಿಟ್ಟುಬಿಟ್ಟರು. ಅವನ ಹೆಸರು ಅಲ್ಲಿ ಉಳಿದಿದ್ದರೆ ಓದುಗರು ಕೂಡಲೇ ಎಚ್ಚರಗೊಳ್ಳುತ್ತಿದ್ದರು. ಈಗ ಪ್ರಶ್ನೆ ಕೇಳಿದ ಕ್ಷಣದಲ್ಲೇ ಸರಾಗವಾಗಿ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ಅವು ಇಲ್ಲದ ಪುಸ್ತಕವನ್ನೂ ಇಲ್ಲದ ಪುಟವನ್ನೂ ಆಧಾರವೆಂದು ಹೆಸರಿಸುವುದುಂಟು. ಹೆಸರಿಸಿದ ಆಧಾರವನ್ನು ತೆರೆದು ನೋಡುವ ಕಷ್ಟವನ್ನು ಯಾವ ಯಂತ್ರವೂ ನಮಗೆ ತಪ್ಪಿಸದು.

ಹಾಗಾದರೆ ಬರೆಯಬೇಕಾದದ್ದೇನು? ಈ ವಿಷಯದಲ್ಲಿ ಅಮೆರಿಕದ ಎಲಿಜಬೆತ್ ಶೋನ್ ಮಿಲ್ಸ್ ಅವರು 2007ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದಿದ್ದಾರೆ. ಮನೆಯ ಮಟ್ಟಿಗೆ ಅಷ್ಟೆಲ್ಲ ಬೇಕಿಲ್ಲ. ಐದು ಸಂಗತಿಗಳು ಸಾಕು. ಒಂದು, ತಾಣದ ಹೆಸರು ಮತ್ತು ಪುಟದ ಪೂರ್ಣ ವಿಳಾಸ. ಎರಡು, ಅದನ್ನು ಅಲ್ಲಿ ಸೇರಿಸಿದ ವ್ಯಕ್ತಿ ಅಥವಾ ಸಂಸ್ಥೆ. ಮೂರು, ನೀವು ಕಂಡದ್ದು ಛಾಯಾಚಿತ್ರವೋ, ಸೂಚಿಯೋ, ವಂಶವೃಕ್ಷವೋ ಎಂಬುದು. ನಾಲ್ಕು, ಅದು ಆಧರಿಸಿದ ಮೂಲ, ಅಂದರೆ ಯಾವ ಧರ್ಮಕೇಂದ್ರದ ಯಾವ ಪುಸ್ತಕ, ಸಂಪುಟ, ಪುಟ, ಕ್ರಮಸಂಖ್ಯೆ. ಮೂಲ ತಿಳಿಸಿಲ್ಲದಿದ್ದರೆ “ಮೂಲ ತಿಳಿಸಿಲ್ಲ” ಎಂದೇ ಬರೆಯಬೇಕು. ಐದು, ನೀವು ಅದನ್ನು ನೋಡಿದ ದಿನಾಂಕ. ಹೀಗೊಂದು ನಮೂದನ್ನು ಕಲ್ಪಿಸಿಕೊಳ್ಳಿ: “ಮುತ್ತಜ್ಜನ ದೀಕ್ಷಾಸ್ನಾನ 1871, ಇಂಥ ತಾಣದಲ್ಲಿ ದೂರದ ಬಂಧುವೊಬ್ಬರು ಸೇರಿಸಿದ ವಂಶವೃಕ್ಷದಲ್ಲಿ 2024ರ ಜನವರಿ 6ರಂದು ಕಂಡದ್ದು, ಅಲ್ಲಿ ಮೂಲ ತಿಳಿಸಿಲ್ಲ, ಇಗರ್ಜಿಯ ಪುಸ್ತಕವನ್ನು ಇನ್ನೂ ನೋಡಿಲ್ಲ.” ಎಷ್ಟು ಸರಳ, ಎಷ್ಟು ಪ್ರಾಮಾಣಿಕ! ಮುಂದೆ ಮೊಮ್ಮಗಳೊಬ್ಬಳು ಎಲ್ಲಿಂದ ಆರಂಭಿಸಬೇಕೆಂಬುದು ಅವಳಿಗೆ ತಿಳಿಯುತ್ತದೆ.

ಇದರಲ್ಲಿ ಒಂದು ನಿಯಮವನ್ನು ಮರೆಯಬಾರದು. ನೀವು ಕಂಡದ್ದನ್ನೇ ಹೆಸರಿಸಬೇಕು. ಸೂಚಿಯನ್ನಷ್ಟೇ ನೋಡಿ, ಅದರಲ್ಲಿ ಹೇಳಿರುವ ಇಗರ್ಜಿಯ ಪುಸ್ತಕವನ್ನೇ ನೋಡಿದಂತೆ ಬರೆದರೆ, ಇಲ್ಲದ ತೂಕವನ್ನು ಆ ಮಾತಿಗೆ ಕೊಟ್ಟಂತಾಗುತ್ತದೆ.

ದಿನಾಂಕವೇಕೆ ಎಂದರೆ, ಅಂತರ್ಜಾಲದ ಪುಟಗಳು ಕಲ್ಲಿನ ಶಾಸನಗಳಲ್ಲ. ಜಿಯೋಸಿಟೀಸ್ ಎಂಬ ಉಚಿತ ತಾಣದಲ್ಲಿ ಅಸಂಖ್ಯ ಜನರು ತಮ್ಮ ಪುಟಗಳನ್ನು ಕಟ್ಟಿದ್ದರು. ಕುಟುಂಬ ಚರಿತ್ರೆಗಳೂ ಅವುಗಳಲ್ಲಿದ್ದವು. ಅದರ ಒಡೆತನ ಹೊಂದಿದ್ದ ಯಾಹೂ ಸಂಸ್ಥೆ 2009ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಿದಾಗ ಆ ವಿಳಾಸಗಳೆಲ್ಲ ನಿರರ್ಥಕವಾದವು. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಪುಟಗಳ ಪ್ರತಿ ತೆಗೆದಿಡುತ್ತಿದೆ. ಹಳೆಯ ವಿಳಾಸ ಮತ್ತು ನೋಡಿದ ದಿನಾಂಕ ನಿಮ್ಮಲ್ಲಿದ್ದರೆ ಮರೆಯಾದ ಪುಟ ಅಲ್ಲಿ ಕೆಲವೊಮ್ಮೆ ದೊರೆಯಬಹುದು. ಅದಕ್ಕಿಂತ ಸುಲಭದ ಉಪಾಯ, ಕಂಡ ದಿನವೇ ಪುಟವನ್ನು ಮುದ್ರಿಸಿ ಕಡತದಲ್ಲಿ ಇರಿಸುವುದು.

“ನಾವೇನು ಪಂಡಿತರೇ ಫಾದರ್? ಮಕ್ಕಳಿಗೆ ತಿಳಿಯಲೆಂದು ಬರೆಯುತ್ತೇವೆ, ಇಷ್ಟೆಲ್ಲ ಏಕೆ?” ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಮರುಪ್ರಶ್ನೆ ಇದು: ಹತ್ತು ಸೆಂಟ್ಸ್ ಜಾಗ ಕೊಳ್ಳುವಾಗ ಮೂಲಪತ್ರ, ಪಹಣಿ, ಸರ್ವೆ ನಂಬರು ನೋಡದೆ ಹಣ ಕೊಡುತ್ತೀರಾ? ಜಾಗಕ್ಕೆ ಕೇಳುವ ದಾಖಲೆಯನ್ನು ಅಜ್ಜನ ಹೆಸರಿಗೆ ಏಕೆ ಕೇಳುವುದಿಲ್ಲ? ಮಕ್ಕಳಿಗಾಗಿ ಎನ್ನುವುದೇ ಹೆಚ್ಚು ಎಚ್ಚರ ವಹಿಸಲು ಕಾರಣವಾಗಬೇಕು. ಪಂಡಿತರು ನಮ್ಮ ಬರಹವನ್ನು ಪರೀಕ್ಷಿಸುತ್ತಾರೆ, ಮಕ್ಕಳು ನಂಬುತ್ತಾರೆ.

ಹಿರಿಯರ ಬಾಯಿಮಾತು ಬೇಡವೆಂದು ಇದರ ಅರ್ಥವಲ್ಲ. ತೊಂಬತ್ತರ ಅಜ್ಜಿ ಹೇಳಿದ್ದು ಅಮೂಲ್ಯ ಆಕರ. ಅದನ್ನು ಅಜ್ಜಿಯ ಹೆಸರಿನಲ್ಲೇ, ಹೇಳಿದ ದಿನಾಂಕದೊಂದಿಗೆ, ಅವರು ತಾವೇ ಕಂಡದ್ದೋ ಅವರ ತಾಯಿಯಿಂದ ಕೇಳಿದ್ದೋ ಎಂಬುದನ್ನು ತಿಳಿಸಿ ಬರೆಯಿರಿ. ಸ್ಮಶಾನದ ಶಿಲುಬೆಯ ಮೇಲಿನ ಬರಹ, ಗೇಣಿ ಚೀಟಿ, 1974ರ ಭೂ ಸುಧಾರಣೆಯ ಕಾಲದಲ್ಲಿ ಸಲ್ಲಿಸಿದ ಡಿಕ್ಲರೇಶನ್, ಪೆಟ್ಟಿಗೆಯ ತಳದಲ್ಲಿರುವ ಹಳೆಯ ಕಾಗದ, ಇವೆಲ್ಲವೂ ಅಂತರ್ಜಾಲದ ಎಷ್ಟೋ ಪುಟಗಳಿಗಿಂತ ಮೇಲಾದ ಸಾಕ್ಷಿಗಳು.

ಈಗ ಅಪ್ರಿಯವಾದ ಒಂದು ಮಾತು. ಅಂತರ್ಜಾಲದ ವಂಶವೃಕ್ಷಗಳಲ್ಲಿ ಬಹುಬೇಗ ಹರಡುವುದು ಹೆಮ್ಮೆಗೆ ಆಹಾರವಾಗುವಂಥ ಅಂಶಗಳೇ. ನಮ್ಮ ಮೂಲ ಹೆಸರು ಪ್ರಭು, ಕಾಮತ್, ಶೆಣೈ, ನಾವು ಇಂಥ ಹಳ್ಳಿಯ ಬ್ರಾಹ್ಮಣರು ಎಂಬ ಪರಂಪರೆ ಹಲವು ಕುಟುಂಬಗಳಲ್ಲಿದೆ. ಪರಂಪರೆಯನ್ನು ಪರಂಪರೆಯೆಂದು ಬರೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಆಧಾರವಿಲ್ಲದ ಒಂದು ಪುಟವನ್ನು ಮುಂದೊಡ್ಡಿ, ಮದುವೆಯ ಮಾತುಕತೆಯಲ್ಲಿ ಇನ್ನೊಂದು ಮನೆಯನ್ನು ಕೀಳೆಂದು ಕಾಣುವುದಾದರೆ, ಅದು ಇತಿಹಾಸಕ್ಕೂ ದೀಕ್ಷಾಸ್ನಾನಕ್ಕೂ ಎಸಗುವ ಅಪಚಾರ. ಕ್ರಿಸ್ತರಲ್ಲಿ ಇಂಥ ಭೇದವಿಲ್ಲವೆಂದು ಗಲಾತ್ಯರಿಗೆ ಬರೆದ ಪತ್ರ ಸಾರುತ್ತದೆ. ಕುಲದ ಹೆಮ್ಮೆಯಿಂದ ಹುಟ್ಟಿದ ವಂಶವೃಕ್ಷದಲ್ಲಿ ಮೊದಲು ಮಾಯವಾಗುವವರು ಬಡವರು, ಸೇವಕಿಯರು, ವಿಧವೆಯರು, ತಂದೆಯ ಹೆಸರಿಲ್ಲದೆ ದೀಕ್ಷಾಸ್ನಾನ ಪಡೆದ ಮಕ್ಕಳು. ಇಗರ್ಜಿಯ ಪುಸ್ತಕ ಅವರನ್ನು ಬಿಟ್ಟಿಲ್ಲ. ಒಡೆಯನ ಮಗುವನ್ನು ಬರೆದ ಪುಟದಲ್ಲೇ ಒಕ್ಕಲಿನ ಮಗುವಿನ ಹೆಸರೂ ಇದೆ. ಮೂಲವನ್ನು ತೆರೆದು ನೋಡುವವರು ಅವರನ್ನೂ ಕಾಣುತ್ತಾರೆ. ಸತ್ತವರು ಎದ್ದುಬಂದು ನಮ್ಮ ಬರಹವನ್ನು ತಿದ್ದಲಾರರು. ಅವರ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳದಿರುವುದು ಎಂಟನೆಯ ಆಜ್ಞೆಯ ಪಾಲನೆಯೇ.

ಮೂಲವನ್ನು ಹುಡುಕುವ ಉತ್ಸಾಹಕ್ಕೆ ಮಿತಿಯೂ ಬೇಕು. ಇಗರ್ಜಿಯ ಪುಸ್ತಕ ಸಾರ್ವಜನಿಕ ಪತ್ರಿಕೆಯಲ್ಲ. ಅದರಲ್ಲಿ ದತ್ತು ಮಕ್ಕಳ, ಅವಿವಾಹಿತ ತಾಯಂದಿರ ಸಂಗತಿಗಳಿವೆ. ಒಬ್ಬರು ತಮ್ಮ ಸ್ಥಿತಿಗೆ ಸಂಬಂಧಿಸಿದ ದಾಖಲೆಯನ್ನು ಪಡೆಯಲು ಕಾನೂನು ಸಂಹಿತೆಯ 487ನೆಯ ವಿಧಿ ಹಕ್ಕು ನೀಡುತ್ತದೆ. ನೆರೆಯವರ ದಾಖಲೆಗೆ ಕೈಯಿಕ್ಕಲು ಅಲ್ಲ. ಫ್ಯಾಮಿಲಿಸರ್ಚ್ ಮ‌ಾರ್ಮನ್ ಪಂಥದವರು ನಡೆಸುವ ತಾಣ. ಅವರು ಮೃತರ ಪರವಾಗಿ ಸ್ನಾನಸಂಸ್ಕಾರ ನಡೆಸುವುದರಿಂದ, ಧರ್ಮಕೇಂದ್ರದ ಪುಸ್ತಕಗಳ ಚಿತ್ರೀಕರಣಕ್ಕೆ ಅವರಿಗೆ ಅವಕಾಶ ಕೊಡಬಾರದೆಂದು ರೋಮಿನ ಗುರುವರ್ಗದ ಪರಿಷತ್ತು 2008ರ ಏಪ್ರಿಲ್‌ನಲ್ಲಿ ತಿಳಿಸಿತು. ಆದ್ದರಿಂದ ಕಚೇರಿಯಲ್ಲಿ ಪುಟ ನೋಡಲು ಅವಕಾಶ ದೊರೆತವರು ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅಂತರ್ಜಾಲಕ್ಕೆ ಸೇರಿಸಬಾರದು. ಬದುಕಿರುವವರ ಜನ್ಮದಿನ, ತಾಯಿಯ ತವರುಮನೆಯ ಹೆಸರು ಮುಂತಾದವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದೂ ಸಲ್ಲದು. ಪುಸ್ತಕ, ಪುಟ, ಕ್ರಮಸಂಖ್ಯೆಯನ್ನು ಬರೆದುಕೊಂಡರೆ ಉಲ್ಲೇಖಕ್ಕೆ ಅಷ್ಟು ಸಾಕು.

ಗುರುಗಳಾದ ನಮ್ಮ ಮೇಲೂ ಹೊಣೆಯಿದೆ. ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದು 535ನೆಯ ವಿಧಿಯೇ ಹೇಳುತ್ತದೆ. ಕರಾವಳಿಯ ಮಳೆಗಾಲದ ತೇವ, ಗೆದ್ದಲು, ಬೆಳ್ಳಿಹುಳು ವಿಧಿಯನ್ನು ಓದುವುದಿಲ್ಲ. ಪ್ರತಿಯೊಂದು ಧರ್ಮಕೇಂದ್ರದ ಹಳೆಯ ಪುಸ್ತಕಗಳ ಛಾಯಾಚಿತ್ರಗಳನ್ನು ಧರ್ಮಪ್ರಾಂತದ ಮೇಲ್ವಿಚಾರಣೆಯಲ್ಲೇ ತೆಗೆಸಿ, ಧರ್ಮಾಧ್ಯಕ್ಷರ ನಿವಾಸದ ಪತ್ರಾಗಾರದಲ್ಲಿ ಸುರಕ್ಷಿತವಾಗಿ ಇರಿಸುವುದು ಉತ್ತಮವೆಂದು ನಮ್ಮ ಅನಿಸಿಕೆ. ನಾವು ನೀಡುವ ಪ್ರತಿಯೊಂದು ಪ್ರಮಾಣಪತ್ರದಲ್ಲೂ ಸಂಪುಟ, ಪುಟ, ಕ್ರಮಸಂಖ್ಯೆಯನ್ನು ತಪ್ಪದೆ ನಮೂದಿಸಬೇಕು. 2012ರಲ್ಲಿ ಉಡುಪಿ ಧರ್ಮಪ್ರಾಂತ ಮಂಗಳೂರಿನಿಂದ ಬೇರ್ಪಟ್ಟಿತು. ಹಳೆಯ ಕಾಗದದಲ್ಲಿ ಮಂಗಳೂರು, ಹೊಸದರಲ್ಲಿ ಉಡುಪಿ ಎಂದಿರುವ ಇಗರ್ಜಿ ಒಂದೇ ಎಂಬುದನ್ನು ಹೊರದೇಶದಲ್ಲಿ ಹುಟ್ಟಿದ ಮಗು ಹೇಗೆ ತಿಳಿದೀತು? ಇಂಥ ವಿವರಗಳನ್ನೂ ನಾವೇ ಬರೆದು ಕೊಡಬೇಕಾಗಿದೆ.

ಕೊನೆಯದಾಗಿ ಎಜ್ರನ ಗ್ರಂಥದ ಒಂದು ಪ್ರಸಂಗ. ಬಾಬಿಲೋನಿನ ಸೆರೆಯಿಂದ ಹಿಂದಿರುಗಿದ ಯೆಹೂದ್ಯರಲ್ಲಿ ಕೆಲವರು ತಾವು ಯಾಜಕರ ವಂಶದವರೆಂದರು. ವಂಶಾವಳಿಯ ಪುಸ್ತಕದಲ್ಲಿ ಹುಡುಕಿದಾಗ ಅವರ ಹೆಸರು ಸಿಗಲಿಲ್ಲ. ಅವರನ್ನು ಸುಳ್ಳುಗಾರರೆಂದು ಯಾರೂ ಕರೆಯಲಿಲ್ಲ, ಊರಿನಿಂದ ಅಟ್ಟಲೂ ಇಲ್ಲ. ದೈವನಿರ್ಣಯ ದೊರೆಯುವವರೆಗೆ ಅವರು ಯಾಜಕರ ಪಾಲಿನ ಪವಿತ್ರ ಭೋಜನವನ್ನು ಉಣ್ಣಬಾರದೆಂದು ಅಧಿಪತಿ ಆಜ್ಞಾಪಿಸಿದನು. ಸೆರೆಯಿಂದ ಮರಳಿದವರ ಸಂತತಿಯೇ ಆದ ನಮಗೆ ಇದಕ್ಕಿಂತ ತಕ್ಕ ಮಾರ್ಗದರ್ಶನವಿಲ್ಲ. ಆಧಾರವಿಲ್ಲದ ಹೆಸರನ್ನು ಅಳಿಸಬೇಕಾಗಿಲ್ಲ, ನಿಶ್ಚಯವೆಂದು ಸಾರಲೂಬಾರದು. ಅದರ ಮುಂದೆ “ಇನ್ನೂ ದೃಢಪಟ್ಟಿಲ್ಲ” ಎಂದು ಬರೆದು ಕಾಯಬೇಕು.

ನವೆಂಬರ್ 2ರಂದು ಸಕಲ ಮೃತ ವಿಶ್ವಾಸಿಗಳ ಸ್ಮರಣೆಗಾಗಿ ಕುಟುಂಬಗಳು ಸಮಾಧಿಗಳ ಬಳಿ ಸೇರುತ್ತವೆ. ಅಂದು ಸಂಜೆ ಮನೆಯಲ್ಲಿರುವ ವಂಶವೃಕ್ಷವನ್ನು ಹೊರತೆಗೆದು, ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂಬುದನ್ನು ಬರೆಯಲು ಆರಂಭಿಸಿರಿ. ಬರೆಯಲಾಗದ ಹೆಸರುಗಳ ಪಟ್ಟಿ ಮಾಡಿ. ಆ ಪಟ್ಟಿಯೊಂದಿಗೆ ಮೊದಲು ಮನೆಯ ಹಿರಿಯರ ಬಳಿಗೆ, ಅನಂತರ ನಿಮ್ಮ ಧರ್ಮಕೇಂದ್ರದ ಕಚೇರಿಗೆ ಬನ್ನಿರಿ.